ಸದ್ದಿಲ್ಲದೆ ಒಡೆದ ಮೂವತ್ತೊಂದು ಗ್ಲಾಸು

ಗಾಜಕ್ಕ ಸಿಟ್ಟಿನ ಭರದಲ್ಲಿ ಒಂದೇ ಮಧ್ಯಾಹ್ನ ನೂರಿಪ್ಪತ್ತು ಗ್ಲಾಸು ಒಡೆದಳು ಎಂಬ ಮಾತು ಊರಿನಲ್ಲಿ ಹನ್ನೊಂದು ವರ್ಷಗಳಿಂದ ಓಡಾಡುತ್ತಿದೆ. ಹೇಳುವವರ ಬಾಯಿಗೆ ತಕ್ಕಂತೆ ಸಂಖ್ಯೆ ಏರುತ್ತದೆ. ಬಸ್ ನಿಲ್ದಾಣದ ಪಕ್ಕದ ಚಹಾದಂಗಡಿಯಲ್ಲಿ ಅದು ಇನ್ನೂರು. ಕ್ಷೌರದಂಗಡಿಯಲ್ಲಿ ಇನ್ನೂರೈವತ್ತು, ಜೊತೆಗೊಂದು ನಿಲುವುಗನ್ನಡಿ. ಮ್ಯಾನೇಜರು ಏನೋ ಅಂದರಂತೆ, ಅವಳು ಮೇಜಿನ ಬಟ್ಟೆಯ ತುದಿ ಹಿಡಿದು ಒಂದೇ ಸಲಕ್ಕೆ ಎಳೆದಳಂತೆ, ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದವರು ಗುಡುಗೆಂದು ತಿಳಿದು ಆಕಾಶ ನೋಡಿದರಂತೆ. ಇಷ್ಟೆಲ್ಲ ಮಾಡಿದವಳನ್ನು ಯಜಮಾನರು ಮನೆಗೆ ಕಳಿಸುವುದು ಬಿಟ್ಟು ಮೇಲಿನ ಹುದ್ದೆಗೆ ಯಾಕೆ ಏರಿಸಿದರು ಎಂಬುದಕ್ಕೂ ಊರು ಕಾರಣ ಹುಡುಕಿಟ್ಟಿದೆ: ಹೆದರಿಕೊಂಡು.

ಇದರಲ್ಲಿ ನಿಜವಿರುವುದು ನೂರಿಪ್ಪತ್ತು ಎಂಬ ಸಂಖ್ಯೆಯಲ್ಲಿ ಮತ್ತು ಮೇಲಿನ ಹುದ್ದೆಯಲ್ಲಿ ಮಾತ್ರ. ಆ ದಿನ ಗಾಜಕ್ಕನ ಕೈಯಿಂದ ಒಂದು ಗ್ಲಾಸೂ ಜಾರಲಿಲ್ಲ. ಸದ್ದು ಮಾಡಿ ಒಡೆದದ್ದು ಒಂದೇ ಒಂದು, ಅದೂ ಬೇರೆಯವರ ಕೈಯಲ್ಲಿ. ಹಾಗೆಂದು ಅವಳು ಏನನ್ನೂ ಒಡೆಯಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಒಡೆದಿದ್ದಳು. ಹಿಂದಿನ ದಿನವೇ, ತನಗೇ ತಿಳಿಯದಂತೆ, ತುಂಬಾ ಶ್ರದ್ಧೆಯಿಂದ ಕೆಲಸ ಮಾಡುತ್ತ ಒಡೆದಿದ್ದಳು.

ಹಾಲ್ ಇರುವುದು ಮುಖ್ಯರಸ್ತೆಯ ಒಂದು ಕಟ್ಟಡದ ಮೇಲಂತಸ್ತಿನಲ್ಲಿ. ಕೆಳಗೆ ಬಟ್ಟೆಯಂಗಡಿ, ಮೇಲೆ ಔತಣಕೂಟಗಳಿಗೆ ಬಾಡಿಗೆಗೆ ಕೊಡುವ ಉದ್ದನೆಯ ಕೋಣೆ. ನಾಲ್ಕು ಸಾಲು ಮೇಜು, ಸಾಲಿಗೆ ಮೂವತ್ತು ಕುರ್ಚಿ, ರಸ್ತೆಯ ಕಡೆಗೆ ಒಂಬತ್ತು ಕಿಟಕಿ. ಗಾಜಕ್ಕ ಅಲ್ಲಿಗೆ ಕೆಲಸಕ್ಕೆ ಬಂದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಗಂಡ ಶಾಲಾ ಸಮವಸ್ತ್ರ ಹೊಲಿಯುವ ದರ್ಜಿ. ವರ್ಷದಲ್ಲಿ ಎರಡು ತಿಂಗಳು ಅವನಿಗೆ ತಲೆಯೆತ್ತಲು ಪುರುಸೊತ್ತಿಲ್ಲ, ಉಳಿದ ಹತ್ತು ತಿಂಗಳು ತಲೆ ಬಗ್ಗಿಸಲು ಕೆಲಸವಿಲ್ಲ. ಮನೆಯಲ್ಲಿ ಅತ್ತೆ, ಎರಡು ವರ್ಷದ ಮಗಳು. ಅವಳಿಗೆ ಸಿಕ್ಕಿದ್ದು ಹಾಲ್ ಅಲ್ಲ, ಹಾಲ್‌ನ ಬೆನ್ನಿಗಿದ್ದ ತೊಳೆಯುವ ಕೋಣೆ: ಕಿಟಕಿಯಿಲ್ಲದ, ಹಬೆ ತುಂಬಿದ, ಎರಡು ಕಲ್ಲಿನ ತೊಟ್ಟಿಗಳ ಜಾಗ. ಗೋಡೆಯಲ್ಲಿ ಎದೆಯ ಮಟ್ಟಕ್ಕೆ ಒಂದು ಕಿಂಡಿ. ಎಂಜಲು ಗ್ಲಾಸುಗಳ ತಟ್ಟೆಗಳು ಆ ಕಿಂಡಿಯಿಂದ ಒಳಗೆ ಬರುತ್ತಿದ್ದವು, ತೊಳೆದವು ಅದರಿಂದಲೇ ಹೊರಗೆ ಹೋಗುತ್ತಿದ್ದವು. ತೊಳೆಯುವ ಹೆಂಗಸರು ಮಾತ್ರ ಹೋಗುವಂತಿರಲಿಲ್ಲ. ಒದ್ದೆ ಕಾಲಿನ ಗುರುತು ನೆಲದ ಮೇಲೆ ಮೂಡುತ್ತದೆ ಎಂಬುದು ಅದಕ್ಕೆ ಕೊಡುತ್ತಿದ್ದ ಕಾರಣ.

ಎಂಟು ವರ್ಷ ಅವಳು ಹಾಲ್‌ನೊಳಗೆ ಕಾಲಿಡದೆ ಹಾಲ್‌ನ ವಿದ್ಯಮಾನಗಳನ್ನು ತಿಳಿದುಕೊಂಡಳು. ತಟ್ಟೆಗಳಿಗೆ ಮೇಜಿನ ಸಂಖ್ಯೆ ಬರೆದಿರುತ್ತಿತ್ತು. ಯಾವ ಗ್ಲಾಸು ಯಾವ ಸಾಲಿನಿಂದ ಬಂತು ಎಂಬುದು ಗೊತ್ತಾಗುತ್ತಿತ್ತು. ಉಳಿದವರು ಕೊಳೆಯನ್ನು ತೊಳೆದರು, ಅವಳು ಕೊಳೆಯನ್ನು ಓದಿ ತೊಳೆದಳು. ಎರಡನೆಯ ಮೇಜಿನ ಗ್ಲಾಸುಗಳಲ್ಲಿ ಕುಡಿಯದ ನೀರು ಹಾಗೇ ಇರುತ್ತಿತ್ತು, ಹೊರಮೈಮೇಲೆ ಮಾತ್ರ ಇಬ್ಬರ ಬೆರಳಿನ ಗುರುತು. ಅಂದರೆ ಎರಡು ಕುರ್ಚಿಗಳ ನಡುವೆ ಗ್ಲಾಸು ಯಾರದೆಂದು ತಿಳಿಯದೆ ಒಬ್ಬರು ಎತ್ತಿ ಇಟ್ಟಿದ್ದಾರೆ, ಇನ್ನೊಬ್ಬರು ಸಂಕೋಚಪಟ್ಟು ಬಿಟ್ಟಿದ್ದಾರೆ. ನಾಲ್ಕನೆಯ ಮೇಜಿನಿಂದ ಬಂದವುಗಳ ತಳಕ್ಕೆ ಪ್ರತಿ ಸಲವೂ ಸಾರು ಮೆತ್ತಿರುತ್ತಿತ್ತು.

ಮೇಜುಗಳ ಉಸ್ತುವಾರಿ ಆಗ ಮೇಷ್ಟ್ರದು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಚಮಚ ಓರೆಯಾಗಿದ್ದರೂ ನಿಂತು ಕಾರಣ ಕೇಳುತ್ತಿದ್ದ ರೀತಿಗೆ ಆ ಹೆಸರು ಬಂದಿತ್ತು. ಎತ್ತರದ ಆಳು, ಬಿಳಿ ಅಂಗಿ, ಜೇಬಿನಲ್ಲಿ ಸದಾ ಮಡಿಸಿದ ಎರಡು ಹತ್ತಿಬಟ್ಟೆ. ಒಂದು ದಿನ ಅವರು ಕಿಂಡಿಯ ಬಳಿ ಬಗ್ಗಿದಾಗ ಗಾಜಕ್ಕ ಕೈ ಒರೆಸಿಕೊಳ್ಳುತ್ತ ಕೇಳಿಯೇಬಿಟ್ಟಳು.

“ಮೇಷ್ಟ್ರೇ, ನಾಲ್ಕನೇ ಮೇಜಲ್ಲಿ ಗ್ಲಾಸು ಊಟದ ತಟ್ಟೆಗೆ ಅಂಟಿಕೊಂಡೇ ಕೂತಿರುತ್ತೆ ಅಲ್ವಾ?”

“ನೀನು ಯಾವಾಗಮ್ಮಾ ಹಾಲ್‌ಗೆ ಬಂದಿದ್ದೆ?”

“ನಾನೆಲ್ಲಿ ಬರ್ಲಿ? ಗ್ಲಾಸೇ ಬಂದು ಹೇಳ್ತು.”

ಮೇಷ್ಟ್ರು ಮುಂದಿನ ಔತಣದ ದಿನ ನಾಲ್ಕನೆಯ ಮೇಜಿನ ಪಕ್ಕ ನಿಂತು ನೋಡಿದರು. ಮೇಜಿನ ಅಂಚಿನಿಂದ ಗ್ಲಾಸಿಗೆ ಒಂದೂವರೆ ಗೇಣು ಎಂಬುದು ಅವರೇ ಹಾಕಿಕೊಟ್ಟಿದ್ದ ಲೆಕ್ಕ. ನಾಲ್ಕೂ ಮೇಜುಗಳನ್ನು ನಾಲ್ಕು ಜನ ಇಪ್ಪತ್ತು ವರ್ಷಗಳಿಂದ ಗೇಣು ಹಾಕಿಯೇ ಜೋಡಿಸುತ್ತಿದ್ದರು. ಆದರೆ ಗೇಣು ಒಬ್ಬೊಬ್ಬರದು ಒಂದೊಂದು. ನಾಲ್ಕನೆಯ ಮೇಜಿನವನದು ಪುಟ್ಟ ಅಂಗೈ. ಅವನ ಗ್ಲಾಸುಗಳೆಲ್ಲ ಉಳಿದವರಿಗಿಂತ ಎರಡು ಬೆರಳು ಒಳಗೆ ಬಂದು ಕೂತಿದ್ದವು. ಇಪ್ಪತ್ತು ವರ್ಷ ತನ್ನ ಕಣ್ಣಿಗೆ ಬೀಳದ್ದು ಗೋಡೆಯ ಆಚೆಗಿದ್ದವಳಿಗೆ ಕಂಡಿತಲ್ಲ ಎಂದು ಮೇಷ್ಟ್ರು ತಮ್ಮನ್ನೇ ಹಾಸ್ಯ ಮಾಡಿಕೊಂಡರು. ಮರುವಾರ ಅವಳಿಗೆ ಕಾಲು ಒರೆಸಿಕೊಳ್ಳಲು ಒಂದು ಚೌಕ ಕೊಟ್ಟು ಹಾಲ್‌ಗೆ ಕರೆತಂದರು. ಅಳತೆಗೆ ಇನ್ನು ಗೇಣು ಬೇಡ, ಕೋಲು ಸಾಕು ಎಂದು ನಾಲ್ಕು ಕೋಲು ಕತ್ತರಿಸಿದರು. ನಾಲ್ಕನ್ನೂ ಅಳೆದದ್ದು ಅವಳ ಗೇಣಿಗೆ.

ಆಮೇಲಿನ ಏಳು ವರ್ಷ ಅವಳು ಮೇಷ್ಟ್ರ ಹಿಂದೆ ನಡೆದು ಕಲಿತಳು. ಬಟ್ಟೆ ಹಾಸಿದ ಮೇಲೆ ಮಡಿಕೆಯ ಗೆರೆ ಮೇಜಿನ ನಡುಮಧ್ಯೆ ಹಾದುಹೋಗಬೇಕು, ಯಾಕೆಂದರೆ ಆಮೇಲೆ ಎಲ್ಲವೂ ಆ ಗೆರೆಯನ್ನು ನಂಬಿ ಕೂರುತ್ತವೆ. ನೀರಿನ ಗ್ಲಾಸು ಚಾಕುವಿನ ತುದಿಗೆ ನೇರ. ಹಣ್ಣಿನ ರಸದ ಗ್ಲಾಸು ಅದರ ಬಲಕ್ಕೆ, ಒಂದು ಬೆರಳಷ್ಟು ಕೆಳಗೆ ಇಳಿದು. ಎರಡರ ನಡುವೆ ಒಂದು ಕಿರುಬೆರಳು ಹೋಗಬೇಕು, ಎರಡು ಹೋಗಬಾರದು. ಹಿಡಿಯುವುದು ಯಾವಾಗಲೂ ಕೆಳಭಾಗವನ್ನು, ಬಾಯಿ ತಾಗುವ ಅಂಚನ್ನು ಎಂದೂ ಅಲ್ಲ. ಒಂದು ಬಟ್ಟೆಯಿಂದ ಹಿಡಿ, ಇನ್ನೊಂದರಿಂದ ಒರೆಸು. ಎರಡೂ ಹಳೆಯ ಹತ್ತಿಯಾಗಿರಲಿ, ಹೊಸ ಬಟ್ಟೆ ಎಳೆ ಬಿಡುತ್ತದೆ. ಎಲ್ಲ ಮುಗಿದ ಮೇಲೆ ಮೇಜಿನ ತಲೆಯ ಹತ್ತಿರ ಮಂಡಿಯೂರಿ, ಒಂದು ಕಣ್ಣು ಮುಚ್ಚಿ ನೋಡಿದರೆ ಒಂದು ಬದಿಯ ಹದಿನೈದು ಗ್ಲಾಸು ಒಂದೇ ಗ್ಲಾಸಾಗಿ ಕಾಣಬೇಕು. ಎರಡನೆಯದರ ಅಂಚು ಇಣುಕಿತೋ, ಅದನ್ನು ಎಬ್ಬಿಸಿ ಮತ್ತೆ ಕೂರಿಸಬೇಕು.

ಕೊನೆಯದಾಗಿ ಉಗುರು. ಬಿರುಕು ಬಿಟ್ಟ ಗಾಜು ಕಣ್ಣಿಗೆ ಸರಿಯಾಗಿಯೇ ಕಾಣಬಹುದು. ಬೆರಳ ಉಗುರಿನಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಗ್ಲಾಸು ಉದ್ದಕ್ಕೆ ಕೊಳಲಿನಂತೆ ದನಿ ಎಳೆಯುತ್ತದೆ. ಬಿರುಕಿನದು ‘ಟಪ್’ ಎಂದು ಅಲ್ಲೇ ಸುಮ್ಮನಾಗುತ್ತದೆ.

ಮನೆಯಲ್ಲಿ ಇದ್ದದ್ದು ಸ್ಟೀಲಿನ ಲೋಟಗಳು. ಅವಳು ಅವನ್ನೇ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಅತ್ತೆ ಅದನ್ನು ನೋಡಿ, ನಮ್ಮ ಮನೆಗೂ ಯಾರಾದರೂ ಮಂತ್ರಿ ಊಟಕ್ಕೆ ಬರ್ತಾರೇನೋ, ನನಗೊಂದು ಮಾತು ಮೊದಲೇ ಹೇಳು, ತಲೆಯಾದರೂ ಬಾಚಿಕೊಳ್ತೀನಿ ಎನ್ನುತ್ತಿದ್ದರು. ಗಂಡ ಇಂಚುಪಟ್ಟಿ ತಂದು ಲೋಟಗಳ ನಡುವೆ ಹಿಡಿದು, ಎಡಗಡೆಯದಕ್ಕೆ ಸೊಂಟ ಸ್ವಲ್ಪ ಬಿಗಿ ಎಂದು ಗಂಭೀರವಾಗಿ ತೀರ್ಪು ಕೊಡುತ್ತಿದ್ದ.

ಅವಳಿಗೆ ನಲವತ್ತೊಂದಾದ ವರ್ಷ ಮೇಷ್ಟ್ರ ಮಂಡಿಗಳು ಸೋತವು. ತಿಂಗಳ ಕೊನೆಗೆ ಕೆಲಸ ಬಿಡುವುದೆಂದು ತೀರ್ಮಾನವಾಯಿತು. ತಮ್ಮ ಜಾಗಕ್ಕೆ ಗಾಜಕ್ಕ ಬರಲಿ ಎಂದು ಅವರು ಯಜಮಾನರಿಗೆ ಹೇಳಿದರು. ಮ್ಯಾನೇಜರಿಗೆ ಅದು ಒಪ್ಪಿಗೆಯಿರಲಿಲ್ಲ. ಅವರ ಮನಸ್ಸಿನಲ್ಲಿ ದೊಡ್ಡ ಹೋಟೆಲಿನಲ್ಲಿ ತರಬೇತಿ ಪಡೆದ, ಕುತ್ತಿಗೆಗೆ ಟೈ ಕಟ್ಟುವ ಒಬ್ಬನಿದ್ದ. ಅವಳ ಕೆಲಸದಲ್ಲಿ ಕೊರತೆಯೇನೂ ಇಲ್ಲ, ಆದರೆ ಅತಿಥಿಗಳ ಎದುರು ನಿಂತು ಹನ್ನೆರಡು ಜನರಿಗೆ ಹೇಳಿ ಮಾಡಿಸುವ ಜಾಗಕ್ಕೆ ತೊಟ್ಟಿ ಹತ್ತಿರದಿಂದ ಬಂದವಳನ್ನು ನಿಲ್ಲಿಸುವುದು ಹೇಗೆ ಎಂಬುದು ಅವರ ತಕರಾರು. ಅಲ್ಲಿಯವರೆಗೆ ತೊಳೆಯುವ ಕೋಣೆಯಿಂದ ಯಾರೂ ಆ ಜಾಗಕ್ಕೆ ಬಂದಿರಲಿಲ್ಲ. ಹೆಂಗಸರಂತೂ ಇಲ್ಲವೇ ಇಲ್ಲ. ಯಜಮಾನರು ನಡುವೆ ಗೆರೆ ಎಳೆದರು. ಊರಿನ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮನ ನಿವೃತ್ತಿಯ ಔತಣ ಹತ್ತಿರದಲ್ಲಿತ್ತು, ಹಾಲ್ ತುಂಬ ನೂರಿಪ್ಪತ್ತು ಜನ. ಅದನ್ನು ಪೂರ್ತಿ ಅವಳೇ ನೋಡಿಕೊಳ್ಳಲಿ, ಮೇಷ್ಟ್ರು ಕುರ್ಚಿ ಬಿಟ್ಟು ಏಳಕೂಡದು, ಆಮೇಲೆ ಮಾತಾಡೋಣ ಎಂದರು.

ಔತಣದ ಹಿಂದಿನ ದಿನ ಹೊಸ ಗ್ಲಾಸುಗಳು ಬಂದವು. ಹಣ್ಣಿನ ರಸಕ್ಕೆಂದು ಯಜಮಾನರೇ ಆರಿಸಿ ತರಿಸಿದ್ದು. ಹೂವಿನ ದಂಟಿನಂಥ ಉದ್ದ ಕಾಲು, ಅದರ ಮೇಲೆ ಉಸಿರು ಬಿಟ್ಟರೆ ನಡುಗುವಷ್ಟು ತೆಳುವಾದ ಬಟ್ಟಲು. ಹಾಲ್‌ನಲ್ಲಿ ಅಂಥ ಗಾಜು ಅದುವರೆಗೆ ಇರಲಿಲ್ಲ. ಯಜಮಾನರು ಡಾಕ್ಟರಮ್ಮನಿಗೆ ಫೋನಿನಲ್ಲೇ ಅದರ ವರ್ಣನೆ ಮಾಡಿ ಮುಗಿಸಿದ್ದರು. ಪ್ರತಿಯೊಂದರ ಪಾದಕ್ಕೂ ಒಂದು ಚೀಟಿ ಅಂಟಿಸಿತ್ತು, ಗೋಂದು ಜಪ್ಪಯ್ಯ ಅಂದರೂ ಬಿಡದು. ಇಂಥದ್ದಕ್ಕೆ ಗಾಜಕ್ಕನಿಗೆ ಗೊತ್ತಿದ್ದ ಉಪಾಯ ಒಂದೇ: ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಮುಳುಗಿಸಿ, ಎತ್ತಿದ ಕೂಡಲೇ ತಣ್ಣೀರಿನ ನಲ್ಲಿಗೆ ಹಿಡಿದರೆ ಗೋಂದು ಬಿಗಿದು ಒಂದೇ ಉಜ್ಜಿಗೆ ಸಿಪ್ಪೆಯಂತೆ ಏಳುತ್ತದೆ. ಹದಿನೈದು ವರ್ಷ ಹಾಲ್‌ನ ದಪ್ಪ ಗ್ಲಾಸುಗಳಿಗೆ ಆ ಕೋಣೆಯಲ್ಲಿ ಎಲ್ಲರೂ ಮಾಡಿದ್ದು ಅದನ್ನೇ. ಈ ಕೆಲಸವನ್ನು ಅವಳು ಬೇರೆಯವರಿಗೆ ಬಿಡಲಿಲ್ಲ. ಸೆರಗು ಬಿಗಿದು, ತೊಟ್ಟಿಯ ಮುಂದೆ ನಿಂತು, ನೂರಿಪ್ಪತ್ತನ್ನೂ ತಾನೇ ತೊಳೆದಳು. ನಡುನಡುವೆ ‘ಟಿಕ್’ ಎಂಬ ಸಣ್ಣ ಸದ್ದು ಕೇಳಿದ್ದು ಅವಳಿಗೆ ನೆನಪಿದೆ. ಗ್ಲಾಸಿಗೆ ಗ್ಲಾಸು ತಾಗಿದ್ದೆಂದುಕೊಂಡಳು. ಪಕ್ಕದ ತೊಟ್ಟಿಯಲ್ಲಿ ಪಾತ್ರೆಗಳ ಗದ್ದಲವೂ ಇತ್ತು.

ಮರುದಿನ ಹನ್ನೊಂದೂವರೆಗೆ ಮೇಜುಗಳು ಸಿದ್ಧವಾದವು. ಊಟ ಒಂದು ಗಂಟೆಗೆ. ಒಂಬತ್ತು ಕಿಟಕಿಗಳ ಬೆಳಕು ನೂರಿಪ್ಪತ್ತು ತೆಳುವಾದ ಬಟ್ಟಲುಗಳಲ್ಲಿ ತುಂಬಿ ನಿಂತಿತ್ತು. ಬಾಗಿಲ ಬಳಿಯ ಕುರ್ಚಿಯಲ್ಲಿ ಮೇಷ್ಟ್ರು ಕೋಲಿನ ಮೇಲೆ ಗದ್ದ ಊರಿ ಕೂತಿದ್ದರು. ಒಂದು ಮಾತೂ ಆಡಿರಲಿಲ್ಲ, ಅದೇ ಅವರ ಮೆಚ್ಚುಗೆ. ಬಡಿಸುವವರು ಗೋಡೆಗೆ ಒರಗಿ ನೋಡುತ್ತಿದ್ದರು. ಧ್ವನಿವರ್ಧಕದವನು ವೇದಿಕೆಯ ಮೇಲೆ ‘ಹಲೋ, ಒಂದು, ಎರಡು’ ಎಂದು ಮೂರರಾಚೆಗೆ ಹೋಗದ ಎಣಿಕೆಯಲ್ಲಿ ತೊಡಗಿದ್ದ. ಗಾಜಕ್ಕ ಮೂರನೆಯ ಮೇಜಿನ ತಲೆಯಲ್ಲಿ ಮಂಡಿಯೂರಿ ನೋಡಿದಾಗ ಆರನೆಯ ಗ್ಲಾಸಿನ ಅಂಚು ಕೂದಲೆಳೆಯಷ್ಟು ಇಣುಕಿತು. ಎದ್ದು ಹೋಗಿ ಸರಿಸಿದಳು. ಸರಿಸುವಾಗ ಅದು ಪಕ್ಕದ ನೀರಿನ ಗ್ಲಾಸಿಗೆ ಮೆಲ್ಲನೆ ತಾಗಿತು.

‘ಟಪ್’ ಎಂದಿತು.

ಎತ್ತಿ ಬೆಳಕಿಗೆ ಹಿಡಿದಳು. ಬಟ್ಟಲು ದಂಟನ್ನು ಸೇರುವ ಕಡೆ ಒಂದು ಗೆರೆ, ಜೇಡನ ಎಳೆಗಿಂತ ತೆಳ್ಳಗೆ. ಪಕ್ಕದ್ದನ್ನು ಎತ್ತಿ ನೋಡಿದಳು, ಅದರಲ್ಲಿ ಏನೂ ಕಾಣಲಿಲ್ಲ. ಮೂರನೆಯದರಲ್ಲೂ ಕಾಣಲಿಲ್ಲ. ಆದರೆ ಹಿಂದಿನ ದಿನದ ‘ಟಿಕ್’ ಈಗ ಅವಳ ಕಿವಿಯಲ್ಲಿ ಬೇರೆಯಾಗಿ ಕೇಳಿಸಿತು. ಅದು ಒಂದು ಸಲ ಕೇಳಿದ ಸದ್ದಾಗಿರಲಿಲ್ಲ.

ಮ್ಯಾನೇಜರು ಹತ್ತಿರ ಬಂದರು. ವಿಷಯ ತಿಳಿದಾಗ ಅವರು ಹೇಳಿದ್ದು ಲೋಕಾರೂಢಿಯ ಮಾತು: ಒಂದು ತೆಗೆದು ಇನ್ನೊಂದು ಇಡಿ, ಯಾರಿಗೆ ಗೊತ್ತಾಗುತ್ತದೆ. ಹಾಗೆ ಮಾಡಿದ್ದರೆ ನಡೆದೂ ಹೋಗುತ್ತಿತ್ತೇನೋ. ಅಂಥ ಬಿರುಕು ಒಂದು ಊಟವನ್ನು ತಾಳಿಕೊಳ್ಳಬಹುದು, ಹತ್ತನ್ನೂ ತಾಳಿಕೊಳ್ಳಬಹುದು. ತಣ್ಣನೆಯ ರಸ ಸುರಿದ ಮರುಕ್ಷಣವೇ ಯಾರದೋ ಕೈಯಲ್ಲಿ ಬಟ್ಟಲು ಕಳಚಿ ಬರಲೂಬಹುದು. ಸುಮ್ಮನಿದ್ದರೆ ಸಂಜೆಯೊಳಗೆ ಹುದ್ದೆ ಅವಳದು. ಬಾಯಿ ಬಿಟ್ಟರೆ, ತನ್ನ ಮೊದಲ ಔತಣದಲ್ಲೇ ಯಜಮಾನರ ಗ್ಲಾಸುಗಳನ್ನು ಹಾಳು ಮಾಡಿದವಳು ಎಂಬ ಮಾತಿಗೆ ಅವಳದೇ ಸಾಕ್ಷಿ. ಇದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

ಅವಳು ಗ್ಲಾಸು ಹಿಡಿದುಕೊಂಡೇ ಮೇಷ್ಟ್ರ ಬಳಿಗೆ ಹೋದಳು.

“ಮೇಷ್ಟ್ರೇ, ಬಿರುಕು ಬಿಟ್ಟಿದೆ. ನಾನೇ ಮಾಡಿದ್ದು. ಬಿಸಿಯಿಂದ ತೆಗೆದು ಸೀದಾ ತಣ್ಣೀರಿಗೆ ಹಿಡಿದೆ.”

ಮೇಷ್ಟ್ರು ಗ್ಲಾಸನ್ನು ನೋಡಲಿಲ್ಲ, ಅವಳನ್ನು ನೋಡಿದರು.

“ಎಷ್ಟು?”

“ಗೊತ್ತಿಲ್ಲ. ಕೇಳಬೇಕು.”

“ಕೇಳು ಹಾಗಾದ್ರೆ. ನನ್ನ ಮುಖ ಏನು ನೋಡ್ತೀಯ, ನಾನು ಏಳೋ ಹಾಗಿಲ್ಲ.”

ಕೇಳಬೇಕೆಂದರೆ ನಿಶ್ಶಬ್ದ ಬೇಕು. ಗಾಜಕ್ಕ ವೇದಿಕೆಯ ಹತ್ತಿರ ಹೋಗಿ ಧ್ವನಿವರ್ಧಕವನ್ನು ಬಂದ್ ಮಾಡಲು ಹೇಳಿದಳು. ಅವನು, ಅಕ್ಕಾ ಇನ್ನೂ ಟೆಸ್ಟ್ ಆಗಿಲ್ಲ ಎಂದ. ಮೂರರವರೆಗೆ ಚೆನ್ನಾಗೇ ಬರುತ್ತೆ, ಮುಂದಿಂದು ಆಮೇಲೆ ಕಲಿಯುವಿಯಂತೆ ಎಂದಳು. ಫ್ಯಾನುಗಳು ನಿಂತವು. ರಸ್ತೆಯ ಕಡೆಯ ಒಂಬತ್ತು ಕಿಟಕಿಗಳನ್ನೂ ಮುಚ್ಚಿಸಿದಳು. ತೊಳೆಯುವ ಕೋಣೆಯ ನಲ್ಲಿಗಳು ನಿಂತವು. ಕಿಂಡಿಯಲ್ಲಿ ಹೆಂಗಸರ ಮುಖಗಳು ಒಂದರ ಮೇಲೊಂದು ಕಾಣಿಸಿಕೊಂಡವು. ಕೈಗಡಿಯಾರ ನೋಡುತ್ತಿದ್ದ ಮ್ಯಾನೇಜರು ಸಹ ಬೂಟಿನ ಸದ್ದಾಗದಂತೆ ನಿಂತಲ್ಲೇ ನಿಂತರು.

ಅವಳು ಮೊದಲ ಮೇಜಿನ ಮೊದಲ ಕುರ್ಚಿಯಿಂದ ಶುರು ಮಾಡಿದಳು. ಎಡಗೈಯಲ್ಲಿ ದಂಟು, ಬಲಗೈಯ ತೋರುಬೆರಳಿನ ಉಗುರು. ಗ್ಲಾಸು ದನಿ ಎಳೆಯಿತು. ಅದು ಪೂರ್ತಿ ಆರುವವರೆಗೆ ಕಾದು ಕೆಳಗಿಟ್ಟಳು. ಎರಡನೆಯದು. ಮೂರನೆಯದು. ನಾಲ್ಕನೆಯದು ಟಪ್ ಎಂದಿತು, ಅದನ್ನು ಗೋಡೆ ಪಕ್ಕದ ಖಾಲಿ ಮೇಜಿಗೆ ಒಯ್ದು ಇಟ್ಟಳು. ಮೊದಮೊದಲು ಬಡಿಸುವವರಲ್ಲಿ ಒಬ್ಬಿಬ್ಬರು ನಗು ತಡೆದುಕೊಂಡಿದ್ದರು. ಎರಡನೆಯ ಮೇಜಿಗೆ ಬರುವ ಹೊತ್ತಿಗೆ ಅವರೂ ಉಸಿರು ಬಿಗಿಹಿಡಿದು, ಯಾವುದು ಹಾಡುತ್ತದೆ, ಯಾವುದು ಸುಮ್ಮನಾಗುತ್ತದೆ ಎಂದು ಅವಳ ಜೊತೆಗೇ ಕೇಳತೊಡಗಿದ್ದರು. ಅವಳು ಆತುರಪಡಲಿಲ್ಲ. ತನ್ನ ತಪ್ಪನ್ನು ಒಂದೊಂದಾಗಿ ಎಲ್ಲರೆದುರು ಹೊರಗೆ ತೆಗೆಯುತ್ತಿದ್ದ ಆ ಹೆಂಗಸಿನ ಬೆನ್ನು, ಹದಿನೈದು ವರ್ಷ ತೊಟ್ಟಿಗೂ ಮೇಜಿಗೂ ಬಗ್ಗಿದ ಬೆನ್ನು, ಆ ಇಪ್ಪತ್ತು ನಿಮಿಷ ಕೋಲಿನಂತೆ ನೆಟ್ಟಗಿತ್ತು ಎಂದು ಮೇಷ್ಟ್ರು ಆಮೇಲೆ ಯಾರ ಬಳಿ ಹೇಳಿದರೂ ಅವರ ದನಿ ಒಂದು ಮಟ್ಟ ಏರುತ್ತಿತ್ತು.

ಮೂವತ್ತೊಂದು ಗ್ಲಾಸುಗಳು ಪಕ್ಕದ ಮೇಜಿಗೆ ಹೋದವು. ಎಂಬತ್ತೊಂಬತ್ತು ಉಳಿದವು.

ಮ್ಯಾನೇಜರು ನಿಟ್ಟುಸಿರು ಬಿಟ್ಟು, ಖಾಲಿಯಾದ ಮೂವತ್ತೊಂದು ಕಡೆ ಹಳೆಯ ಗ್ಲಾಸು ಇಟ್ಟುಬಿಡಿ ಎಂದರು. ಗಾಜಕ್ಕ ಬೇಡವೆಂದು ತಲೆಯಾಡಿಸಿದಳು. ಒಂದೇ ಸಾಲಿನಲ್ಲಿ ಕೂತವರಿಗೆ ಎರಡು ಥರದ ಗ್ಲಾಸು ಇಟ್ಟರೆ ಯಾರು ಹೆಚ್ಚು ಯಾರು ಕಡಿಮೆ ಎಂದು ಮೇಜೇ ಹೇಳಿದ ಹಾಗಾಗುತ್ತದೆ. ಅಲ್ಲದೆ ಇವತ್ತು ದನಿ ಎಳೆದದ್ದು ತಣ್ಣನೆಯ ರಸ ಬಿದ್ದ ಮೇಲೂ ಎಳೆಯುತ್ತದೆಂದು ತಾನು ಹೇಳಲಾರೆ ಎಂದಳು. ಎಲ್ಲ ನೂರಿಪ್ಪತ್ತನ್ನೂ ತೆಗೆಯಿರಿ, ಹಳೆಯವನ್ನು ತನ್ನಿ ಎಂದಳು. ಊರಿನ ಕಥೆಯ ನೂರಿಪ್ಪತ್ತು ಬಂದದ್ದು ಇಲ್ಲಿಂದ.

ಅರ್ಧದಷ್ಟು ಮೇಜುಗಳು ಬರಿದಾಗಿದ್ದಾಗ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಹನ್ನೆರಡೂ ಕಾಲು. ತಾವು ಆರಿಸಿ ತಂದ ಗ್ಲಾಸುಗಳು ಮೂಲೆಗೆ ಹೋಗುತ್ತಿರುವುದನ್ನು ನೋಡಿ ಅವರು ಮೊದಲು ನೋಡಿದ್ದು ಮ್ಯಾನೇಜರನ್ನು. ಮ್ಯಾನೇಜರು ಗಾಜಕ್ಕನನ್ನು ನೋಡಿದರು. ಅವಳು ಮುಂದೆ ಬಂದಳು.

“ಯಜಮಾನ್ರೇ, ನಿಮ್ಮ ಗ್ಲಾಸು ಹಾಳು ಮಾಡಿದ್ದು ನಾನು. ತೊಳೆಯೋದ್ರಲ್ಲಿ ತಪ್ಪು ಮಾಡಿದೆ. ಮೂವತ್ತೊಂದು ಬಿರುಕು ಬಿಟ್ಟಿದೆ. ಉಳಿದದ್ದನ್ನೂ ನಾನು ಇವತ್ತು ಇಡೋದಿಲ್ಲ.”

“ಬಿರುಕಾ? ಎಲ್ಲಿ? ನಂಗೇನೂ ಕಾಣ್ತಿಲ್ಲವಲ್ಲ.” ಅವರು ಪಕ್ಕದ ಮೇಜಿನಿಂದ ಒಂದನ್ನು ಎತ್ತಿ, ಬೆಳಕಿಗೆ ತಿರುಗಿಸಲು ಬಟ್ಟಲನ್ನು ಒಂದು ಕೈಯಲ್ಲಿ, ಪಾದವನ್ನು ಇನ್ನೊಂದು ಕೈಯಲ್ಲಿ ಹಿಡಿದರು. ಪಾದ ದಂಟಿನ ಸಮೇತ ಕಳಚಿ ನೆಲಕ್ಕೆ ಬಿದ್ದು ಚೂರಾಯಿತು. ಆ ಮೌನದ ಹಾಲ್‌ನಲ್ಲಿ ಆ ಒಂದು ಸದ್ದು ಕೆಳಗಿನ ಬಟ್ಟೆಯಂಗಡಿಗೂ ಕೇಳಿಸಿತು. ಯಜಮಾನರ ಕೈಯಲ್ಲಿ ಬಟ್ಟಲು ಮಾತ್ರ ಉಳಿದಿತ್ತು. ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ, ಕಾಲಿಲ್ಲದ ಬಟ್ಟಲನ್ನು ನಿಲ್ಲಿಸಲು ಬಾರದು. ಗಾಜಕ್ಕ ತನ್ನ ಬಟ್ಟೆ ಚಾಚಿ ಅದನ್ನು ಇಸಿದುಕೊಂಡಳು.

“ಇದು ಡಾಕ್ಟರಮ್ಮನ ಕೈಯಲ್ಲಿ ಆಗಿದ್ರೆ...” ಎಂದು ಶುರುಮಾಡಿದ ಯಜಮಾನರು ಗಡಿಯಾರ ನೋಡಿದರು. “ಆಗುತ್ತಾ, ಒಂದು ಗಂಟೆಯೊಳಗೆ?”

“ಕೈ ಸಾಲಲ್ಲ. ತೊಳೆಯೋ ಕೋಣೆಯವರನ್ನ ಒಳಗೆ ಕರೀತೀನಿ.”

ಯಜಮಾನರ ಒಪ್ಪಿಗೆಗೆ ಕಾಯದೆ ಗಾಜಕ್ಕ ಕಿಂಡಿಯ ಕಡೆ ತಿರುಗಿ, ಕಾಲೊರೆಸಿಕೊಂಡು ಬನ್ನಿ ಎಂದಳು. ಏಳು ಹೆಂಗಸರು ಬಂದರು. ಅವರಲ್ಲಿ ಎಲ್ಲರಿಗಿಂತ ಹಿರಿಯವಳು ಹತ್ತೊಂಬತ್ತು ವರ್ಷ ಆ ಹಾಲ್‌ನ ಗ್ಲಾಸು ತೊಳೆದಿದ್ದಳು, ಅದರ ನೆಲ ಕರಿಯದೋ ಕೆಂಪೋ ಎಂಬುದು ಅಂದೇ ಗೊತ್ತಾಗಿದ್ದು. ಅವಳು ಒಂದು ಗಳಿಗೆ ಬಾಗಿಲಲ್ಲಿ ನಿಂತು, “ಅಯ್ಯೋ, ಇಷ್ಟು ಉದ್ದಾನಾ? ಅದಕ್ಕೇ ಗ್ಲಾಸು ಮುಗೀತಾನೇ ಇರ್ಲಿಲ್ಲ” ಎಂದಳು. ನಗಲು ಪುರುಸೊತ್ತಿರಲಿಲ್ಲ, ಆದರೂ ಎಲ್ಲರೂ ನಕ್ಕರು.

ಹಳೆಯ ಗ್ಲಾಸುಗಳು ಸಾದಾ, ದಪ್ಪ, ಕಾಲಿಲ್ಲದವು. ಅವುಗಳಿಗೆ ಸೊಬಗಿಲ್ಲದಿದ್ದರೆ ಸಾಲಿಗಾದರೂ ಇರಲಿ ಎಂದು ಗಾಜಕ್ಕ ನಾಲ್ಕು ಅಳತೆಗೋಲುಗಳನ್ನು ನಾಲ್ಕು ಮೇಜಿಗೆ ಹಂಚಿದಳು. ಒಬ್ಬಳು ಒರೆಸಿ ಕೊಟ್ಟಳು, ಇನ್ನೊಬ್ಬಳು ಇಟ್ಟಳು, ಬಡಿಸುವವನೊಬ್ಬ ಹಿಂದಿನಿಂದ ಬಂದು ಕೋಲು ಹಿಡಿದು ನೋಡಿದ. ಎಂಜಲು ಗ್ಲಾಸನ್ನು ಮಾತ್ರ ಕಂಡಿದ್ದ ಆ ಹೆಂಗಸರಿಗೆ ಅಂಚು ಮುಟ್ಟಬೇಡಿ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಅಂಚಿನ ಗುರುತು ತಿಕ್ಕಿ ತೆಗೆಯುವ ಕಷ್ಟ ಅವರ ಬೆರಳಿಗೇ ಗೊತ್ತಿತ್ತು. ಒಂದಕ್ಕೆ ಐದು ನಿಮಿಷವಿದ್ದಾಗ ಗಾಜಕ್ಕ ನಾಲ್ಕನೆಯ ಮೇಜಿನ ತಲೆಯಲ್ಲಿ ಮಂಡಿಯೂರಿ ಒಂದು ಕಣ್ಣು ಮುಚ್ಚಿದಳು. ಹದಿನೈದು ಗ್ಲಾಸು ಒಂದಾಗಿ ಕಂಡಿತು. ಕಿಟಕಿ ತೆಗೆಸಿದಳು.

ಔತಣ ಮೂರು ಗಂಟೆಯವರೆಗೆ ನಡೆಯಿತು. ಡಾಕ್ಟರಮ್ಮ ಎರಡು ಗ್ಲಾಸು ರಸ ಕುಡಿದರು, ಭಾಷಣದಲ್ಲಿ ಕಣ್ಣೊರೆಸಿಕೊಂಡರು, ಎಲ್ಲರ ಜೊತೆ ನಕ್ಕರು. ನೂರಿಪ್ಪತ್ತು ಜನರಲ್ಲಿ ಒಬ್ಬರೂ ಗ್ಲಾಸಿನ ಬಗ್ಗೆ ಒಳ್ಳೆಯದಾಗಲಿ ಕೆಟ್ಟದಾಗಲಿ ಒಂದು ಮಾತು ಎತ್ತಲಿಲ್ಲ. ಯಾರ ಕೈಯೂ ಪಕ್ಕದವರ ಗ್ಲಾಸಿಗೆ ಹೋಗಲಿಲ್ಲ, ಯಾರ ತೋಳೂ ತಾಗಲಿಲ್ಲ. ಸಂಜೆ ತೊಟ್ಟಿಯ ಬಳಿ ನಿಂತು ಅವಳು ನಾಲ್ಕನೆಯ ಮೇಜಿನ ಗ್ಲಾಸುಗಳ ತಳವನ್ನು ನೋಡಿದಳು. ಒಂದಕ್ಕೂ ಸಾರು ಮೆತ್ತಿರಲಿಲ್ಲ.

ಆದರೂ ಹುದ್ದೆ ಹೋಯಿತೆಂದೇ ಅವಳು ಮನೆಗೆ ಹೋದದ್ದು. ಎಲ್ಲವನ್ನೂ ಹೇಳಿದಳು. ಗಂಡ, ತಾನು ತೋಳು ತಪ್ಪಾಗಿ ಕತ್ತರಿಸಿದ ಅಂಗಿಗಳನ್ನು ಅಳತೆ ಕೊಟ್ಟವರ ಮೇಲೆ ಹೊರಿಸಿದ್ದು ನೆನಪಾಗುತ್ತಿದೆ ಎಂದ. ನಾಲ್ಕನೆಯ ದಿನ ಯಜಮಾನರು ಅವಳನ್ನು ಕರೆಸಿದರು. ಮ್ಯಾನೇಜರೂ ಅಲ್ಲೇ ಇದ್ದರು. ಟೈ ಕಟ್ಟಿದವನ ಅರ್ಜಿ ಮೇಜಿನ ಮೇಲಿತ್ತು.

“ಇವನನ್ನ ಇಟ್ಕೊಂಡ್ರೆ ಇವನೂ ಒಂದಲ್ಲ ಒಂದಿನ ಒಡೀತಾನೆ,” ಎಂದರು ಯಜಮಾನರು. “ಒಡೆದದ್ದನ್ನ ನನಗೆ ಹೇಳ್ತಾನೋ ಇಲ್ವೋ, ಅದು ಗೊತ್ತಿಲ್ಲ. ನೀನು ಹೇಳ್ತೀಯ ಅನ್ನೋದು ಗೊತ್ತಾಯ್ತು. ನಾಳೆಯಿಂದ ಮೇಜು ನಿಂದು.”

ಗಾಜಕ್ಕ ಆಗಲಿ ಎನ್ನುವ ಮೊದಲು ಒಂದು ಮಾತು ಕೇಳಿದಳು: ಆ ಏಳು ಹೆಂಗಸರು ಇನ್ನು ಮುಂದೆಯೂ ಹಾಲ್‌ಗೆ ಬರಬೇಕು, ಸರದಿಯ ಮೇಲೆ ಮೇಜಿನ ಕೆಲಸ ಕಲಿಯಬೇಕು. ಮ್ಯಾನೇಜರು ಒದ್ದೆ ಕಾಲಿನ ಮಾತು ತೆಗೆದರು. ಚೌಕ ಇದೆಯಲ್ಲ ಸಾರ್ ಎಂದಳು. ಯಜಮಾನರು ಅರ್ಜಿಯನ್ನು ಮಡಿಸಿ ಡ್ರಾಯರಿನೊಳಗೆ ಹಾಕಿದರು.

ಸುದ್ದಿ ಕೇಳಿದ ಅತ್ತೆ ಸೊಸೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಒಡೆದವಳಿಗೆ ಬಡ್ತಿ! ಮೊದಲೇ ಗೊತ್ತಿದ್ರೆ ನಾನೂ ಈ ಮನೇಲಿ ನಾಲ್ಕು ಒಡೀತಿದ್ದೆ ಕಣೇ.” ಹಾಗೆಂದವರು ಅದೇ ಸಂಜೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ತಮ್ಮ ಸೊಸೆ ಈಗ ಹಾಲ್‌ನ ಮೇಜುಗಳಿಗೆಲ್ಲ ಯಜಮಾನಿ ಎಂದು ಮನೆಮನೆಗೆ ಹೇಳಿ ಬಂದರು. ಗ್ಲಾಸಿನ ಸಂಖ್ಯೆ ಮೊದಲ ಸಲ ಏರಿದ್ದೂ ಬಹುಶಃ ಅಂದೇ. ಗಾಜಕ್ಕ ಅದನ್ನು ತಿದ್ದುವುದಕ್ಕೆ ಹೋಗಿಲ್ಲ. ಕೇಳಿದವರಿಗೆ ನಡೆದದ್ದನ್ನು ಹೇಳುತ್ತಾಳೆ, ಕೇಳದವರಿಗೆ ಹೇಳುವುದಿಲ್ಲ.

ಅವಳಿಗೆ ಈಗ ಐವತ್ತೆರಡು ವರ್ಷ. ಹನ್ನೊಂದು ವರ್ಷಗಳಿಂದ ಹಾಲ್‌ನ ಮೇಜುಗಳ ಉಸ್ತುವಾರಿ ಅವಳದೇ. ಅವಳ ಕೈಕೆಳಗೆ ಹದಿನಾಲ್ಕು ಜನ ಕೆಲಸ ಮಾಡುತ್ತಾರೆ. ಅವರಲ್ಲಿ ಒಂಬತ್ತು ಜನ ತೊಳೆಯುವ ಕೋಣೆಯಿಂದ ಮೇಲೇರಿ ಬಂದವರು. ತೆಳುವಾದ ಗ್ಲಾಸುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮಾತ್ರ ತೊಳೆಯುತ್ತಾರೆ.